ಕಡಲೂರಿನ ಕೆಲಸ, ಕಬ್ಬಿನೂರಿನ ಮಕ್ಕಳು

(ಮಂಡ್ಯದಲ್ಲಿ ಡಿಗ್ರಿ ಮತ್ತು ಐಟಿಐ ಓದುತ್ತಿರುವ ಮಕ್ಕಳ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸರಿಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ. ಓದು ಮುಗಿದ ಮೇಲೆ ಬೆಂಗಳೂರಿಗೆ ಹೋಗಬೇಕು ಅಂತಿರುವವರು ಕೈ ಎತ್ತಿ. ಹಾಂ, ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಮೈಸೂರು? ಒಂದಷ್ಟು ಜನ. ಮಂಗಳೂರು? ಹಿಂದಿನ ಬೆಂಚಿನಲ್ಲಿ ಎರಡು ಕೈ. ಅದರಲ್ಲೂ ಒಬ್ಬ ಪಕ್ಕದವನ ಮುಖ ನೋಡಿ ಇಳಿಸಿಬಿಟ್ಟ. ಇಳಿಸಬೇಡಪ್ಪ. ಇವತ್ತಿನ ಮಾತು ನಿನಗೇ.

ನಾನು ಪಾಂಡವಪುರ ತಾಲ್ಲೂಕಿನವನು. ಐಟಿಐ ಫಿಟ್ಟರ್ ಮುಗಿಸಿ 1997ರಲ್ಲಿ ಮೈಸೂರಿನಲ್ಲಿ ಮಂಗಳೂರು ಬಸ್ಸು ಹತ್ತಿದೆ. ಕೈಯಲ್ಲಿ ಒಂದು ಟ್ರಂಕು, ಅವ್ವ ಕಟ್ಟಿಕೊಟ್ಟ ರಾಗಿ ಹಿಟ್ಟಿನ ಗಂಟು. ಅಲ್ಲಿ ಇಪ್ಪತ್ನಾಲ್ಕು ವರ್ಷ ಇದ್ದೆ. ಮೊದಲ ಎರಡು ವರ್ಷ ಗುತ್ತಿಗೆದಾರರ ಕೈಕೆಳಗೆ ಫಿಟ್ಟರ್ ಹೆಲ್ಪರ್. ಆಮೇಲೆ ಮಂಗಳೂರಿನ ಬಂದರು ಇರುವ ಪಣಂಬೂರಿನಲ್ಲಿ ಒಂದು ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿ ಕೆಲಸ. ಹಡಗಿನಿಂದ ಇಳಿಯುವ ಮಾಲಿನ ಕಾಗದಪತ್ರ ನೋಡುವುದು, ಕಸ್ಟಮ್ಸ್‌ಗೆ ಓಡಾಡುವುದು, ಲಾರಿಗೆ ಗೇಟ್ ಪಾಸ್ ಮಾಡಿಸುವುದು. ನಾನು ಅರ್ಥಶಾಸ್ತ್ರ ಓದಿದವನಲ್ಲ. ಆದರೆ ಒಂದು ಊರಿಗೆ ದುಡ್ಡು ಯಾವ ದಾರೀಲಿ ಬರುತ್ತೆ, ಯಾರ ಕೈಗೆ ಹೋಗುತ್ತೆ ಅನ್ನೋದನ್ನ ಗೇಟಿನ ಹತ್ತಿರ ನಿಂತು ನೋಡಿದ್ದೇನೆ.

ನಮಗೂ ಆ ಕಡಲಿಗೂ ಏನು ಸಂಬಂಧ ಅಂತ ಕೇಳಬಹುದು. ಮಂಡ್ಯದ ಮೇಲೆ ಹಾದುಹೋಗುವ 275ನೇ ನಂಬರಿನ ಹೆದ್ದಾರಿ ಇದೆಯಲ್ಲ, ಅದನ್ನು ನಾವು ಬೆಂಗಳೂರು ರಸ್ತೆ ಅಂತಲೇ ಕರೆಯುತ್ತೇವೆ. ಮುಖ ಆ ಕಡೆ ತಿರುಗಿಸಿದರೆ ಅದೇ ರಸ್ತೆ ಮೈಸೂರು, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ದಾಟಿ ಬಂಟ್ವಾಳದ ಕಡೆ ಇಳಿಯುತ್ತದೆ. ಅಲ್ಲಿಂದ ಮಂಗಳೂರು ಪಕ್ಕದಲ್ಲೇ. ಇನ್ನು ಅಡುಗೆ ಗ್ಯಾಸು. ಮಂಗಳೂರಿನಿಂದ ಹಾಸನ, ಮೈಸೂರು ದಾಟಿ ಸೋಲೂರಿನವರೆಗೆ ನೆಲದೊಳಗೆ ಎಲ್‌ಪಿಜಿ ಕೊಳವೆ ಇದೆ. ಹಡಗಿನಲ್ಲಿ ಪಣಂಬೂರಿಗೆ ಬಂದ ಗ್ಯಾಸು ನಮ್ಮ ಕಡೆಯ ಒಲೆ ಹತ್ತಿಸುತ್ತಿದೆ. ಗದ್ದೆಗೆ ಹಾಕುವ ಮಂಗಳ ಯೂರಿಯಾ ಚೀಲ ನೋಡಿದ್ದೀರಿ ತಾನೆ? ಅದರ ಕಾರ್ಖಾನೆ ಪಣಂಬೂರಿನಲ್ಲಿ, 1976ರಿಂದ ನಡೀತಿದೆ. ಕಡಲು ನಮ್ಮ ಮನೆ ಒಳಗೇ ಬಂದಿದೆ. ನಾವೇ ಆ ಕಡೆ ತಿರುಗಿ ನೋಡಿಲ್ಲ.

ಸ್ವಲ್ಪ ಅಂಕಿ ಹೇಳುತ್ತೇನೆ. 2011ರ ಜನಗಣತಿ ಪ್ರಕಾರ ಮಂಡ್ಯ ಜಿಲ್ಲೆಯಲ್ಲಿ 18 ಲಕ್ಷ ಜನ, ದಕ್ಷಿಣ ಕನ್ನಡದಲ್ಲಿ ಸುಮಾರು 21 ಲಕ್ಷ. ಜನಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಆದರೆ ನಮ್ಮಲ್ಲಿ ನೂರಕ್ಕೆ 17 ಜನ ಪಟ್ಟಣದಲ್ಲಿದ್ದರೆ ಅಲ್ಲಿ ಹತ್ತಿರ ಹತ್ತಿರ 48. ಪಕ್ಕದಲ್ಲಿ ಉಡುಪಿ ಜಿಲ್ಲೆ, ಇನ್ನೂ 12 ಲಕ್ಷ ಜನ. ಉಳ್ಳಾಲದಿಂದ ಹಿಡಿದು ಮಂಗಳೂರು, ಸುರತ್ಕಲ್, ಮೂಲ್ಕಿ, ಉಡುಪಿ, ಮಣಿಪಾಲ, ಮಲ್ಪೆವರೆಗೆ ಬಸ್ಸಿನಲ್ಲಿ ಹೋದರೆ ಒಂದು ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಹೊಸಬರಿಗೆ ಗೊತ್ತೇ ಆಗಲ್ಲ. ಕಡಲ ಪಕ್ಕಕ್ಕೆ ಎಳೆದುಕೊಂಡು ಹೋದ ಒಂದೇ ಉದ್ದದ ಪಟ್ಟಣದ ಥರ. ತಲಾ ಆದಾಯದಲ್ಲಿ ಕರ್ನಾಟಕದಲ್ಲಿ ಬೆಂಗಳೂರು ನಗರ ಜಿಲ್ಲೆ ಬಿಟ್ಟರೆ ದಕ್ಷಿಣ ಕನ್ನಡವೇ. ಓದು ಬರಹ ಬಲ್ಲವರು ಅಲ್ಲಿ ನೂರಕ್ಕೆ 88ಕ್ಕೂ ಜಾಸ್ತಿ, ನಮ್ಮಲ್ಲಿ 70. ಈ ಕೊನೆಯ ಅಂಕಿ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ನಾನು ಹೋದಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಚಿತ್ರ. ಬಂದರು, ದೊಡ್ಡ ದೊಡ್ಡ ಕಾರ್ಖಾನೆ, ಹೊಗೆ ಕೊಳವೆ. ಅಷ್ಟು ದೊಡ್ಡ ಕಾರ್ಖಾನೆ ಇದ್ದ ಮೇಲೆ ಕೆಲಸಕ್ಕೆ ಏನು ಬರ? ನಮಗೆ ಕಾರ್ಖಾನೆ ಅಂದ್ರೆ ಮೈಷುಗರ್ ಅಲ್ವಾ? 1933ರಲ್ಲಿ ಶುರುವಾದ ಸಕ್ಕರೆ ಕಂಪನಿ. ಒಳಗೆ ದುಡಿಯುವವರು ಇರಲಿ, ಕಬ್ಬು ಕಡಿಯುವವರು, ಗಾಡಿ ಹೊಡೆಯುವವರು, ಎದುರಿನ ಟೀ ಅಂಗಡಿಯವರು, ಊರಿಗೆ ಊರೇ ಅದರ ಸುತ್ತ. ಹಾಗೇ ಅಲ್ಲೂ ಇರುತ್ತೆ ಅಂದುಕೊಂಡಿದ್ದೆ.

ಹಾಗಿರಲಿಲ್ಲ. ನವಮಂಗಳೂರು ಬಂದರು ಕರ್ನಾಟಕದ ಒಂದೇ ಒಂದು ಪ್ರಮುಖ ಬಂದರು. 1974ರಲ್ಲಿ ಅದಕ್ಕೆ ಆ ದರ್ಜೆ ಸಿಕ್ಕಿತು. ಈಗ ವರ್ಷಕ್ಕೆ 4 ಕೋಟಿ ಟನ್ನಿಗೂ ಜಾಸ್ತಿ ಮಾಲು ಅಲ್ಲಿ ಇಳಿದು ಹತ್ತುತ್ತದೆ. ಇಷ್ಟು ಕೇಳಿದರೆ ಮೂಟೆ ಹೊರುವ ಸಾವಿರಾರು ಜನ ಕಣ್ಣ ಮುಂದೆ ಬರ್ತಾರೆ. ಆದರೆ ಆ ಮಾಲಿನಲ್ಲಿ ದೊಡ್ಡ ಪಾಲು ಕಚ್ಚಾ ಎಣ್ಣೆ, ಪೆಟ್ರೋಲು, ಡೀಸೆಲ್ಲು, ಗ್ಯಾಸು. ಅದನ್ನು ಯಾರೂ ಹೊರುವುದಿಲ್ಲ. ಪೈಪಿನಲ್ಲಿ ಬರುತ್ತೆ, ಪೈಪಿನಲ್ಲಿ ಹೋಗುತ್ತೆ. ನಾನು ಮೊದಲ ಸಲ ಒಂದು ಎಣ್ಣೆ ಹಡಗು ಖಾಲಿ ಆಗುವುದನ್ನು ದೂರದಿಂದ ನೋಡಿದ ದಿನ ಇನ್ನೂ ನೆನಪಿದೆ. ಹಡಗು ನಮ್ಮೂರಿನ ಉದ್ದಕ್ಕಿತ್ತು. ಅದರ ಮೇಲೆ ಓಡಾಡುತ್ತಿದ್ದವರನ್ನ ಬೆರಳಲ್ಲಿ ಎಣಿಸಬಹುದಿತ್ತು.

ರಿಫೈನರಿಯೂ ಹಾಗೇ. ಎಂಆರ್‌ಪಿಎಲ್ ಕಂಪನಿ 1988ರಲ್ಲಿ ಹುಟ್ಟಿತು, 1996ರಲ್ಲಿ ಎಣ್ಣೆ ಶುದ್ಧ ಮಾಡಲು ಶುರುಮಾಡಿತು. ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ಎಣ್ಣೆ ಶುದ್ಧ ಮಾಡುವ ತಾಕತ್ತು ಅದಕ್ಕಿದೆ. ಕಾಯಂ ಕೆಲಸಗಾರರು ಕೆಲವೇ ಸಾವಿರ. ಹೆಚ್ಚಿನದ್ದನ್ನ ಕಂಟ್ರೋಲ್ ರೂಮಿನಲ್ಲಿ ಕೂತು ನೋಡಿಕೊಳ್ಳುತ್ತಾರೆ. ಜನ ತುಂಬುವುದು ಶಟ್‌ಡೌನ್ ಬಂದಾಗ. ಒಂದೊಂದು ಘಟಕವನ್ನ ನಿಲ್ಲಿಸಿ, ಬಿಚ್ಚಿ, ರಿಪೇರಿ ಮಾಡುವ ಆ ಕೆಲವು ವಾರ ಫಿಟ್ಟರು, ವೆಲ್ಡರು, ರಿಗ್ಗರು ಅಂತ ದೇಶದ ಮೂಲೆಮೂಲೆಯಿಂದ ಬರುತ್ತಾರೆ. ಒಡಿಶಾ, ಬಿಹಾರ, ಜಾರ್ಖಂಡ್. ನಾನೂ ಆ ಗುಂಪಿನಲ್ಲಿ ಹೊಕ್ಕಿದ್ದು. ಕೆಲಸ ಮುಗಿಯಿತು, ಗೇಟ್ ಪಾಸ್ ವಾಪಸ್ ತಗೊಂಡರು. ಪಿಎಫ್ ಅಂತ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದಿದ್ದ ದುಡ್ಡು ಕಟ್ಟೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಆ ಗುತ್ತಿಗೆದಾರರ ಹೆಸರು ಇಲ್ಲಿ ಬೇಡ. ನಿಮಗೆ ಹೇಳುವುದು ಇಷ್ಟೇ. ಇವತ್ತು ನಿಮ್ಮ ಪಿಎಫ್ ಪಾಸ್‌ಬುಕ್ ನಿಮ್ಮ ಫೋನಿನಲ್ಲೇ ಇರುತ್ತೆ. ಮೊದಲ ಸಂಬಳ ಬಂದ ಮರುತಿಂಗಳೇ ತೆಗೆದು ನೋಡಿ. ನಾಚಿಕೆ ಪಡಬೇಡಿ, ಕೇಳಿ.

ದೊಡ್ಡ ಯೋಜನೆ ನಂಬಿಕೊಂಡರೆ ಏನಾಗಬಹುದು ಅನ್ನೋದಕ್ಕೆ ಕುದುರೆಮುಖ ನೋಡಿ. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಶುರುವಾಯಿತು. ದುಡ್ಡು ಕೊಡುತ್ತೇನೆ ಅಂದಿದ್ದು ಇರಾನಿನ ಷಾ. 1979ರಲ್ಲಿ ಅಲ್ಲಿ ಕ್ರಾಂತಿ ಆಗಿ ಷಾನೇ ಹೋದ, ಆ ಒಪ್ಪಂದವೂ ಮುರಿದುಬಿತ್ತು. ಆದರೂ ಗಣಿ ನಡೆಯಿತು. ಬೆಟ್ಟದ ಮೇಲೆ ಅದಿರನ್ನ ನುಣ್ಣಗೆ ಅರೆದು, ನೀರಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. ಕಾಡಿನ ನಡುವೆ ಒಂದು ಟೌನ್‌ಶಿಪ್ಪೇ ಎದ್ದಿತ್ತು. ಶಾಲೆ, ಆಸ್ಪತ್ರೆ, ಕ್ವಾರ್ಟರ್ಸು ಎಲ್ಲ. ಅದು ರಾಷ್ಟ್ರೀಯ ಉದ್ಯಾನದ ಕಾಡು, ಭದ್ರಾ ನದಿ ಹುಟ್ಟುವ ಜಾಗ. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಕಾಡಿಗೆ ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಟೌನ್‌ಶಿಪ್ಪಿನಲ್ಲಿ ಹುಟ್ಟಿ ಬೆಳೆದ ಒಬ್ಬ ಹುಡುಗ ನನ್ನ ಜೊತೆ ಆಫೀಸಿನಲ್ಲಿದ್ದ. ಅವನಿಗೆ ಊರು ಯಾವುದು ಅಂತ ಕೇಳಿದರೆ ಸ್ವಲ್ಪ ಹೊತ್ತು ಸುಮ್ನೆ ಇರುತ್ತಿದ್ದ.

ಹಾಗಾದರೆ ಆ ಜಿಲ್ಲೆಗೆ ಇಷ್ಟು ದುಡ್ಡು ಎಲ್ಲಿಂದ ಬಂತು? ನನಗೆ ಇದರ ಉತ್ತರ ಸಿಕ್ಕಿದ್ದು ಬಂದರಿನಲ್ಲಿ ಅಲ್ಲ, ನಾನು ಬಾಡಿಗೆಗಿದ್ದ ಮನೆಯ ಜಗಲಿಯಲ್ಲಿ.

ಸುರತ್ಕಲ್ ಒಳಗಡೆ ಹೆಂಚಿನ ಮನೆ. ಓನರ್ ಅಕ್ಕ ಬೆಳಿಗ್ಗೆ ಕೆಲಸ ಮುಗಿಸಿ ಜಗಲಿಗೆ ಬಂದು ಕಾಲು ಚಾಚಿ ಕೂತರೆ ತೊಡೆ ಮೇಲೆ ಒಂದು ಮೊರ. ಅದರಲ್ಲಿ ಒಂದು ಕಡೆ ಕತ್ತರಿಸಿದ ಎಲೆ, ಇನ್ನೊಂದು ಕಡೆ ಹೊಗೆಸೊಪ್ಪಿನ ಪುಡಿ, ಒಂದು ನೂಲಿನ ಉಂಡೆ. ಎಲೆ ತಗೋ, ಪುಡಿ ಹರಡು, ಸುರುಳಿ ಸುತ್ತು, ತುದಿ ಮಡಚು, ನೂಲು ಕಟ್ಟು. ಮಾತಾಡ್ತಾ ಇದ್ದರೂ ಕೈ ನಿಲ್ಲುತ್ತಿರಲಿಲ್ಲ, ಕಣ್ಣು ಮೊರದ ಕಡೆ ಹೋಗುತ್ತಲೂ ಇರಲಿಲ್ಲ. ಕಟ್ಟಿದ್ದನ್ನ ಬೀಡಿ ಬ್ರಾಂಚಿಗೆ ತಗೊಂಡು ಹೋಗಿ ಕೊಡಬೇಕು. ಅಲ್ಲಿ ಒಂದೊಂದು ಕಟ್ಟು ನೋಡಿ, ಸರಿಯಿಲ್ಲದ್ದನ್ನ ಪಕ್ಕಕ್ಕೆ ಎಸೆದು, ಉಳಿದದ್ದನ್ನ ಪುಸ್ತಕದಲ್ಲಿ ಬರೆಯುತ್ತಿದ್ದರು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ.

ಒಂದು ದಿನ ನಾನು ಹೇಳಿದೆ, ಅಕ್ಕ, ನಮ್ಮ ಕಡೆ ಹೆಂಗಸರು ಗದ್ದೆ ಕೆಲಸಕ್ಕೆ ಹೋಗ್ತಾರೆ ಅಂತ. ಅವರು ಮೊರ ತೋರಿಸಿ, "ನಮ್ಮದು ಗದ್ದೆ ಇದೇ ಮಾರಾಯ್ರೇ" ಅಂದರು. ಆ ಮನೆಯ ದೊಡ್ಡ ಮಗಳು ನರ್ಸಿಂಗ್ ಓದುತ್ತಿದ್ದಳು. ಚಿಕ್ಕವಳು ಬಿಕಾಂ. ಮಗ ದುಬೈಯಲ್ಲಿ ಎಸಿ ಮೆಕ್ಯಾನಿಕ್. ಇಬ್ಬರು ಹೆಣ್ಣುಮಕ್ಕಳ ಫೀಸು ಆ ಮೊರದಿಂದ ಹೋಗಿದೆ. ಒಂದು ಕಾಲಕ್ಕೆ ಆ ಎರಡು ಜಿಲ್ಲೆಯಲ್ಲಿ ಲಕ್ಷಗಟ್ಟಲೆ ಹೆಂಗಸರು ಬೀಡಿ ಕಟ್ಟುತ್ತಿದ್ದರು. ಅದು ಒಳ್ಳೆ ಕೆಲಸ ಅಂತ ನಾನು ಹೇಳಲಾರೆ. ಬೆನ್ನು ಹಿಡಿಯುತ್ತೆ, ಹೊಗೆಸೊಪ್ಪಿನ ದೂಳಿಗೆ ಕೆಮ್ಮು ಬರುತ್ತೆ, ಕೂಲಿ ಕಡಿಮೆ. ಈಗ ಬೀಡಿ ಸೇದುವವರೂ ಕಡಿಮೆಯಾಗಿದ್ದಾರೆ, ಕಟ್ಟುವವರೂ ಕಡಿಮೆ. ಹೋಗಲಿ ಬಿಡಿ, ಹೋಗಬೇಕಾದ ಕೆಲಸವೇ ಅದು. ಆದರೆ ಆ ದುಡ್ಡು ಹೆಂಗಸರ ಕೈಗೆ ನೇರವಾಗಿ ಬಂತು, ಹೆಂಗಸರು ಅದನ್ನ ಮಕ್ಕಳ ಓದಿಗೆ ಹಾಕಿದರು. ಆಗ ಹೇಳಿದ ನೂರಕ್ಕೆ 88ರ ಲೆಕ್ಕ ಇಂಥ ಜಗಲಿಗಳಿಂದಲೂ ಬಂದಿದೆ.

ಇದಕ್ಕೆ ಇನ್ನೂ ಹಿಂದಿನ ಕತೆ ಇದೆ. ಆ ಕಡೆ ಚಾಲಗೇಣಿ ಅಂತ ಇತ್ತು. ಉಳುವವನು ಒಬ್ಬ, ಗೇಣಿ ಅಕ್ಕಿ ತಿನ್ನುವವನು ಇನ್ನೊಬ್ಬ. ದೇವರಾಜ ಅರಸರು ಮುಖ್ಯಮಂತ್ರಿ ಆಗಿದ್ದಾಗ, ನಮ್ಮ ಹುಣಸೂರಿನ ಕಡೆಯವರೇ ಅವರು, 1974ರಲ್ಲಿ ಭೂಸುಧಾರಣೆ ಕಾನೂನಿಗೆ ಬಲವಾದ ತಿದ್ದುಪಡಿ ಬಂತು. ಅದು ರಾಜ್ಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಜಾರಿಗೆ ಬಂದ ಕಡೆಗಳಲ್ಲಿ ದಕ್ಷಿಣ ಕನ್ನಡ ಒಂದು. ಗೇಣಿದಾರನಿಗೆ ತುಂಡು ಜಮೀನಾದರೂ ತನ್ನದಾಯಿತು. ತುಂಡು ಜಮೀನು ಅಂದರೆ ನೆಮ್ಮದಿ ಬಂತು, ಆದರೆ ನಾಲ್ಕು ಗಂಡುಮಕ್ಕಳಿಗೆ ಹಂಚುವಷ್ಟಿಲ್ಲ. ಹಾಗಾಗಿ ಒಬ್ಬ ಜಮೀನು ನೋಡಿಕೊಂಡ, ಒಬ್ಬ ಓದಿದ, ಒಬ್ಬ ಬೊಂಬಾಯಿಗೆ ಹೋದ, ಒಬ್ಬ ಗಲ್ಫಿಗೆ ಹೋದ.

ಹೋಗುವುದು ಅಲ್ಲಿ ಹೊಸದಲ್ಲ. ಮುಂಬೈಯಲ್ಲಿ, ಬೆಂಗಳೂರಿನಲ್ಲಿ, ನಮ್ಮ ಮೈಸೂರಿನಲ್ಲೂ ಉಡುಪಿ ಹೋಟೆಲುಗಳು ಹೇಗೆ ಬಂದವು ಹೇಳಿ? ಗಲ್ಫಿನ ದುಡ್ಡು ಬರಲು ಶುರುವಾದ ಮೇಲೆ ಹೆಂಚು ಹೋಗಿ ಟೆರೇಸು ಬಂತು. ಅದಕ್ಕೆ ಬೆಲೆಯನ್ನೂ ಕೊಟ್ಟಿದ್ದಾರೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕೆಳಗೆ ಬಿದ್ದು 158 ಜನ ಸತ್ತರು. ರಜೆಗೆ ಮನೆಗೆ ಬರುತ್ತಿದ್ದ ದುಡಿಯುವ ಜನ, ಅವರ ಹೆಂಡತಿ ಮಕ್ಕಳು. ಅವತ್ತು ನಮ್ಮ ಆಫೀಸಿನಲ್ಲಿ ಯಾರೂ ಒಂದು ಕಾಗದ ಮುಟ್ಟಲಿಲ್ಲ. ಎಲ್ಲರಿಗೂ ಆ ವಿಮಾನದಲ್ಲಿ ಯಾರೋ ಗೊತ್ತಿದ್ದವರು ಇರಬಹುದು ಅಂತ ಭಯ.

ಇನ್ನು ಬ್ಯಾಂಕು. ಇದನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ನನಗೆ ಅತಿ ಹೆಚ್ಚು ಅಚ್ಚರಿ ಹುಟ್ಟಿಸಿದ್ದು ಇದೇ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಶುರುಮಾಡಿದ ಫಂಡ್ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಶುರುಮಾಡಿದ್ದು ಕಾರ್ಪೊರೇಷನ್ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್. ಇಪ್ಪತ್ತೈದು ವರ್ಷದಲ್ಲಿ ಒಂದು ಸಣ್ಣ ಕರಾವಳಿಯಲ್ಲಿ ಐದು ಬ್ಯಾಂಕು! ದೊಡ್ಡ ಸಾಹುಕಾರರ ಊರು ಅಂತ ಅಲ್ಲ. ಮಂಡ್ಯದ ಪೇಟೆಯಲ್ಲಿ ಸಂಜೆ ಹೊತ್ತು ಅಂಗಡಿ ಅಂಗಡಿಗೆ ಹೋಗಿ ಪಿಗ್ಮಿ ಕಟ್ಟಿಸಿಕೊಳ್ಳುವವರು ನಿಮಗೆ ಗೊತ್ತು. ಆ ಪಿಗ್ಮಿಯನ್ನ 1928ರಲ್ಲಿ ಶುರುಮಾಡಿದ್ದು ಸಿಂಡಿಕೇಟ್ ಬ್ಯಾಂಕಿನವರು. ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೇ ಬಂದು ತಗೊಳ್ಳುತ್ತಿದ್ದರು. ನೇಕಾರ, ಮೀನು ಮಾರುವವಳು, ಬೀದಿ ಬದಿಯ ವ್ಯಾಪಾರಿ, ಅಂಥವರ ಎರಡಾಣೆ. ಆ ಬ್ಯಾಂಕು ಕಟ್ಟಿದವರಲ್ಲಿ ಒಬ್ಬರಾದ ಟಿ.ಎಂ.ಎ. ಪೈಯವರೇ 1953ರಲ್ಲಿ ಮಣಿಪಾಲದ ಬೋಳು ಗುಡ್ಡದ ಮೇಲೆ ಮೆಡಿಕಲ್ ಕಾಲೇಜು ತೆಗೆದರು. ಈಗ ಆ ಗುಡ್ಡ ಹೇಗಿದೆ ಅಂತ ಹೋಗಿ ನೋಡಿ.

ನಮ್ಮ ಜಿಲ್ಲೆಗೂ ಅದಕ್ಕೂ ಇರುವ ವ್ಯತ್ಯಾಸ ನನಗೆ ಕಾಣುವುದು ಇಲ್ಲಿ. ನಮಗೆ ಕನ್ನಂಬಾಡಿ ಕಟ್ಟೆ ಬಂತು, ನಾಲೆ ಬಂತು, ಸರ್ಕಾರವೇ ಕಾರ್ಖಾನೆ ಕಟ್ಟಿಕೊಟ್ಟಿತು. ಕಬ್ಬು ಹಾಕಿದೆವು. ಕಾರ್ಖಾನೆ ನಿಂತಾಗ ನಾವೂ ನಿಂತೆವು, ನಾಲೆಗೆ ನೀರು ಬಿಡದಿದ್ದಾಗ ರಸ್ತೆಗೆ ಬಂದು ಕೂತೆವು. ಅದು ನಮ್ಮ ಹಕ್ಕು, ತಪ್ಪೇನಿಲ್ಲ. ನಾನೂ ಕೂತಿದ್ದೇನೆ. ಅಲ್ಲಿ ಯಾರೂ ಕಟ್ಟೆ ಕಟ್ಟಿಕೊಡಲಿಲ್ಲ. ಹಾಗಾಗಿ ಎರಡಾಣೆ ಎರಡಾಣೆ ಸೇರಿಸಿ, ಮಕ್ಕಳನ್ನ ಓದಿಸಿ, ಹೊರಗೆ ಕಳಿಸಿ, ಹೊರಗಿನಿಂದ ತಂದರು. ಬಂದರಿನ ಸುತ್ತಲಿನ ದೊಡ್ಡ ಕಾರ್ಖಾನೆಗಳು ಬಂದದ್ದು ಆಮೇಲೆ.

ಅಲ್ಲಿ ಎಲ್ಲ ಸುಖವಾಗಿದೆ ಅಂತ ತಿಳಿಯಬೇಡಿ. ಅದೇ ಬ್ಯಾಂಕುಗಳಲ್ಲಿ ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಹೆಡ್ ಆಫೀಸು ಹೋದರೆ ಅದರ ಜೊತೆ ಆ ಊರಿನ ಬಿಕಾಂ ಮಕ್ಕಳ ದೊಡ್ಡ ಆಸೆಯೂ ಹೋಗುತ್ತೆ. ಮಂಗಳೂರಿನಲ್ಲೇ ಹೆಡ್ ಆಫೀಸು ಉಳಿಸಿಕೊಂಡಿರುವುದು ಕರ್ಣಾಟಕ ಬ್ಯಾಂಕ್. 1865ರಲ್ಲಿ ಬಾಸೆಲ್ ಮಿಷನ್‌ನವರು ಶುರುಮಾಡಿದ ಹೆಂಚಿನ ಉದ್ಯಮ ಕಾಂಕ್ರೀಟಿನ ಎದುರು ಕುಗ್ಗಿದೆ. ಓದಿದ ಮಕ್ಕಳು ಊರಲ್ಲಿ ನಿಲ್ಲುತ್ತಿಲ್ಲ, ಬೆಂಗಳೂರಿಗೋ ವಿದೇಶಕ್ಕೋ ಹೋಗುತ್ತಾರೆ. ಇನ್ನೊಂದು ನೋವಿನ ವಿಷಯ ಇದೆ. ಕೋಮು ಗಲಾಟೆ ಆದಾಗಲೆಲ್ಲ ಊರು ಸಂಜೆಗೇ ಮುಚ್ಚುತ್ತೆ. ನಿಷೇಧಾಜ್ಞೆ, ಬಂದ್ ಅಂದ ದಿನ ದಿನಗೂಲಿಯವನ ಒಲೆ ಹತ್ತಲ್ಲ. ಕಂಪನಿಯವರು ಅದನ್ನ ನೋಡಿ ಬೇರೆ ಊರು ಹುಡುಕುತ್ತಾರೆ. ಅಷ್ಟು ಒಳ್ಳೆ ಊರು, ಅಷ್ಟು ದುಡಿಯುವ ಜನ. ನೆನೆದರೆ ಹೊಟ್ಟೆ ಉರಿಯುತ್ತೆ.

ಸರಿ, ನಿಮಗೆ ಅಲ್ಲಿ ಕೆಲಸ ಎಲ್ಲಿದೆ? ಓದಿದವರು ಹೊರಗೆ ಹೋದ ಜಾಗಕ್ಕೆ ಹೊರಗಿನಿಂದ ಜನ ಬರುತ್ತಿದ್ದಾರೆ. ಕಟ್ಟಡ ಕೆಲಸಕ್ಕೆ ಬಾಗಲಕೋಟೆ, ಗದಗ, ಕೊಪ್ಪಳದವರು. ಬೋಟಿಗೆ ಒಡಿಶಾ, ಆಂಧ್ರ, ಜಾರ್ಖಂಡಿನವರು. ನಮ್ಮವರು ಮಾತ್ರ ಕಡಿಮೆ.

ಧಕ್ಕೆಯಿಂದ ಶುರುಮಾಡುತ್ತೇನೆ. ಧಕ್ಕೆ ಅಂದರೆ ಮೀನು ಬೋಟು ಬಂದು ನಿಲ್ಲುವ ಜಾಗ. ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಒಮ್ಮೆ ಹೋಗಬೇಕು. ಬೋಟಿನ ಹೊಟ್ಟೆಯಿಂದ ಬುಟ್ಟಿ ಬುಟ್ಟಿ ಮೀನು ಮೇಲೆ ಬರುತ್ತೆ. ಬಂಗುಡೆ, ಬೂತಾಯಿ, ಅಂಜಲ್, ಸಿಗಡಿ. ಏಲಂ ಕೂಗುವವನ ಗಂಟಲು, ಮಂಜುಗಡ್ಡೆ ಪುಡಿ ಮಾಡುವ ಮೆಷಿನ್ನಿನ ಸದ್ದು, ಕಾಲಡಿ ತಣ್ಣಗೆ ಹರಿಯುವ ನೀರು. ಅಲ್ಲಿ ಬೋಟಿನಲ್ಲಿ ಹೋಗುವವರು ಒಂದು ಪಾಲು ಮಾತ್ರ. ಐಸ್ ಪ್ಲಾಂಟು, ಬಲೆ ಹೆಣೆಯುವವರು, ಇಂಜಿನ್ ಮೆಕ್ಯಾನಿಕ್, ವಯರ್‌ಲೆಸ್ ರಿಪೇರಿ, ಡೀಸೆಲ್ ಬಂಕ್, ಲಾರಿ, ಲೆಕ್ಕ ಬರೆಯುವವರು, ಮೀನೆಣ್ಣೆ ಫ್ಯಾಕ್ಟರಿ, ಹೊರದೇಶಕ್ಕೆ ಹೋಗುವ ಮೀನು ಕ್ಲೀನ್ ಮಾಡುವ ಶೆಡ್ಡು. ಒಂದು ಎಣ್ಣೆ ಹಡಗಿಗಿಂತ ಒಂದು ಮೀನು ಬೋಟು ಜಾಸ್ತಿ ಮನೆ ನಡೆಸುತ್ತೆ ಅಂತ ನಾನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ.

ಐಟಿಐ ಮಕ್ಕಳು ಇದನ್ನ ಬರೆದುಕೊಳ್ಳಿ. ಮಲ್ಪೆಯಲ್ಲಿ ಹಡಗು ಕಟ್ಟುವ ಯಾರ್ಡ್ ಇದೆ. ಮುಚ್ಚಿ ಬಿದ್ದಿದ್ದ ಆ ಕಂಪನಿಯನ್ನ 2020ರಲ್ಲಿ ಕೊಚ್ಚಿ ಶಿಪ್‌ಯಾರ್ಡ್ ತಗೊಂಡಿತು. ಈಗ ಅದರ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ಬಂದರಿನಲ್ಲಿ ದೊಡ್ಡ ಹಡಗನ್ನ ಎಳೆದು ತರುವ ಟಗ್‌ಗಳನ್ನ ಅಲ್ಲಿ ಕಟ್ಟುತ್ತಾರೆ. ನಾರ್ವೆ ದೇಶದಿಂದ ಸರಕು ಹಡಗಿನ ಆರ್ಡರೂ ಬಂದಿದೆ. ಹಡಗು ಅಂದರೆ ಉದ್ದಕ್ಕೂ ವೆಲ್ಡಿಂಗು. ತಗಡು, ಪೈಪು, ವಯರಿಂಗು. ನಮ್ಮ ಮಂಡ್ಯದ ಐಟಿಐಯಲ್ಲಿ ಕಲಿಯುವುದು ಇದೇ ತಾನೆ? ಆದರೆ ಸರ್ಟಿಫಿಕೇಟ್ ಸಾಲದು. ಅಲ್ಲಿ ಕೈಗೆ ತುಂಡು ಕೊಟ್ಟು, ವೆಲ್ಡ್ ಮಾಡಪ್ಪ ನೋಡೋಣ ಅಂತಾರೆ. ಮಾಡಿದ್ದನ್ನ ಎಕ್ಸರೇ ತೆಗೆದು ನೋಡುತ್ತಾರೆ. ಒಳಗೆ ಒಂದು ಗುಳ್ಳೆ ಇದ್ದರೂ ಸಿಕ್ಕಿಬೀಳುತ್ತೆ. ಈಗಲೇ ಕೈ ಪಳಗಿಸಿಕೊಳ್ಳಿ.

ಆಸ್ಪತ್ರೆಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮಂಗಳೂರು, ದೇರಳಕಟ್ಟೆ, ಮಣಿಪಾಲದಲ್ಲಿ ಒಂದರ ಪಕ್ಕ ಒಂದು ಮೆಡಿಕಲ್ ಕಾಲೇಜು. ಕಾಸರಗೋಡಿನಿಂದ, ಮಲೆನಾಡಿನಿಂದ ರೋಗಿಗಳು ಬರುತ್ತಾರೆ. ನರ್ಸು, ಲ್ಯಾಬ್ ಟೆಕ್ನಿಶಿಯನ್, ಡಯಾಲಿಸಿಸ್ ಟೆಕ್ನಿಶಿಯನ್, ಬಿಲ್ಲಿಂಗ್ ಕೌಂಟರ್ ಎಲ್ಲ ಕಡೆ ಜನ ಬೇಕು.

ಕಂಪ್ಯೂಟರ್ ಓದಿದವರಿಗೆ ಇನ್ಫೋಸಿಸ್ ಮುಡಿಪುವಿನಲ್ಲಿದೆ. ಉಡುಪಿಯಲ್ಲಿ 1996ರಲ್ಲೇ ಶುರುವಾದ ರೋಬೊಸಾಫ್ಟ್ ಇದೆ, ಅದನ್ನ ಈಗ ಜಪಾನಿನವರು ಕೊಂಡಿದ್ದಾರೆ. ಬೆಂಗಳೂರಿನ ಆಚೆಗೂ ಕಂಪನಿಗಳು ಹೋಗಲಿ ಅಂತ ಸರ್ಕಾರ ಮೈಸೂರು, ಮಂಗಳೂರು, ಹುಬ್ಬಳ್ಳಿ ಮೂರನ್ನೂ ಮುಂದಿಟ್ಟಿದೆ. ಸಂಬಳ ಬೆಂಗಳೂರಿಗಿಂತ ಸ್ವಲ್ಪ ಕಡಿಮೆ ಇರಬಹುದು. ಬಾಡಿಗೆಯೂ ಕಡಿಮೆ, ಬಸ್ಸಿನಲ್ಲಿ ಕಳೆಯುವ ಹೊತ್ತೂ ಕಡಿಮೆ.

ಬಿಕಾಂ ಮಕ್ಕಳಿಗೆ ನನ್ನ ಹಳೇ ಕೆಲಸವನ್ನೇ ಹೇಳುತ್ತೇನೆ. ಒಂದು ಹಡಗು ಬಂತು ಅಂದರೆ ಹತ್ತಾರು ಕಾಗದ. ಯಾರ ಮಾಲು, ಎಷ್ಟು ತೂಕ, ಎಷ್ಟು ಸುಂಕ, ಯಾವ ಲಾರಿ, ಯಾವ ಗೋಡೌನ್. ಒಂದು ಸೊನ್ನೆ ತಪ್ಪಿದರೆ ಮಾಲು ಅಲ್ಲೇ ನಿಲ್ಲುತ್ತೆ, ದಿನದ ಲೆಕ್ಕದಲ್ಲಿ ದಂಡ ಬೀಳುತ್ತೆ. ನಾನು ಒಮ್ಮೆ ಕಾಫಿ ಕಂಟೇನರಿನ ನಂಬರಿನಲ್ಲಿ ಎರಡು ಅಂಕಿ ಹಿಂದುಮುಂದು ಬರೆದು ಆ ಹಡಗೇ ತಪ್ಪಿಸಿದ್ದೆ. ಕೊಡಗಿನ ಒಬ್ಬ ಪ್ಲಾಂಟರ್‌ಗೆ ನಷ್ಟ ಆಯಿತು. ಅವತ್ತಿನಿಂದ ಅಂಕಿಯನ್ನ ಬಾಯಿಬಿಟ್ಟು ಓದಿಯೇ ಬರೆಯುವುದು. ಈ ಕೆಲಸಕ್ಕೆ ಡಿಗ್ರಿ ಯಾವುದಾದರೂ ಆಗುತ್ತೆ. ಎಚ್ಚರ ಇರಬೇಕು, ಇಂಗ್ಲಿಷ್ ಓದಲು ಬರಬೇಕು, ಕಂಪ್ಯೂಟರ್ ಗೊತ್ತಿರಬೇಕು.

ಒಂದು ಮಾತು ನಮ್ಮ ಪ್ರತಿನಿಧಿಗಳಿಗೂ ಮುಟ್ಟಲಿ. ನಮ್ಮ ರಾಜ್ಯದ ಬಂದರು ಪಕ್ಕದಲ್ಲೇ ಇದ್ದರೂ ಮೈಸೂರು, ಬೆಂಗಳೂರಿನ ಎಷ್ಟೋ ಕಂಟೇನರು ಚೆನ್ನೈಗೆ ಹೋಗುತ್ತವೆ. ಕಾರಣ ಘಾಟಿ. 2018ರ ಆಗಸ್ಟಿನಲ್ಲಿ ಮಡಿಕೇರಿ ಸಂಪಾಜೆ ನಡುವೆ ಗುಡ್ಡವೇ ಇಳಿದು ರಸ್ತೆ ಹೋಯಿತು. ಶಿರಾಡಿ ಪ್ರತಿ ಮಳೆಗಾಲಕ್ಕೂ ಕಾಟ ಕೊಡುತ್ತೆ. ರೈಲು ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆವರೆಗಿನ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗ ದಾಟಬೇಕು. ಅಲ್ಲೂ 2024ರ ಜುಲೈನಲ್ಲಿ ಮಣ್ಣು ಕುಸಿದು ಓಡಾಟ ನಿಂತಿತ್ತು. ಮಾಲು ಕಳಿಸುವವನಿಗೆ ಬೇಕಾದ್ದು ಇಂಥ ದಿನ ತಲುಪುತ್ತೆ ಅನ್ನುವ ನಂಬಿಕೆ. ಅದಿಲ್ಲ ಅಂದರೆ ಅವನು ಚೆನ್ನೈಗೇ ಹೋಗ್ತಾನೆ. ಹಾಗಂತ ಘಾಟಿಯನ್ನ ಬೇಕಾಬಿಟ್ಟಿ ಅಗೆಯಿರಿ ಅಂತಲೂ ನಾನು ಹೇಳಲ್ಲ. ಅಗೆದದ್ದಕ್ಕೇ ಗುಡ್ಡ ಇಳಿದಿದ್ದು ಅಂತ ಅಲ್ಲಿನ ಹಿರಿಯರು ಹೇಳುತ್ತಾರೆ, ನಾನು ಅದನ್ನ ನಂಬುತ್ತೇನೆ.

ನನ್ನ ಮಾತು ಇಷ್ಟು. ಈಗ ಪ್ರಶ್ನೆ ಕೇಳಿ.

ಮೊದಲು ಎದ್ದು ನಿಂತವರು ಮಗಳ ಜೊತೆ ಬಂದಿದ್ದ ಒಬ್ಬ ತಾಯಿ. "ಹೆಣ್ಣುಮಕ್ಕಳನ್ನ ಒಬ್ಬರನ್ನೇ ಅಷ್ಟು ದೂರ ಕಳಿಸಬಹುದಾ ಸಾರ್?" ಅಂದರು. ನಾನು ಹೇಳಿದೆ, ಅವ್ವ, ಅಲ್ಲಿ ಬೆಳಿಗ್ಗೆ ಬಸ್ಸಿನಲ್ಲಿ ನಿಂತವರಲ್ಲಿ ಅರ್ಧ ಜನ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳೇ. ದುಡಿಯುವ ಹೆಂಗಸನ್ನ ನೋಡಿ ಯಾರೂ ಹುಬ್ಬೇರಿಸಲ್ಲ. ಮೊದಲ ಸಲ ನೀವೂ ಜೊತೆಗೆ ಹೋಗಿ. ಹಾಸ್ಟೆಲ್ ನೋಡಿ, ಅಲ್ಲಿರುವ ಹುಡುಗಿಯರನ್ನ ಮಾತಾಡಿಸಿ, ಊಟ ಮಾಡಿ ನೋಡಿ. ಮನಸ್ಸಿಗೆ ಸರಿ ಬಂದರೆ ಬಿಟ್ಟು ಬನ್ನಿ, ಇಲ್ಲದಿದ್ದರೆ ಕರೆದುಕೊಂಡು ಬನ್ನಿ. ಅವರು ಮಗಳ ಕಡೆ ನೋಡಿದರು. ಮಗಳು ಆಗಲೇ ಮಣಿಪಾಲದ ಬಗ್ಗೆ ಏನೋ ಬರೆದುಕೊಂಡಿದ್ದಳು.

ಇನ್ನೊಬ್ಬರು, ಇಲ್ಲಿ ಊರಲ್ಲೇ ಇದ್ದು ಏನೂ ಮಾಡಕ್ಕಾಗಲ್ವಾ ಅಂತ ಕೇಳಿದರು. ಖಂಡಿತ ಆಗುತ್ತೆ. ಆಲೆಮನೆ ಬೆಲ್ಲವನ್ನ ಚೆನ್ನಾಗಿ ಪ್ಯಾಕ್ ಮಾಡಿ ಹೊರದೇಶಕ್ಕೆ ಕಳಿಸಲು ಯಾವ ಯಾವ ಕಾಗದ ಬೇಕು ಅಂತ ನಾನೇ ಕೂತು ಹೇಳಿಕೊಡುತ್ತೇನೆ, ಮನೆಗೆ ಬನ್ನಿ ಅಂದೆ. ಮೂವರು ಬಂದು ಫೋನ್ ನಂಬರ್ ತಗೊಂಡರು.

ಕೊನೆಗೆ ಆ ಕೈ ಇಳಿಸಿದ ಹುಡುಗ ಎದ್ದ. "ತುಳು ಬರಲ್ವಲ್ಲ ಸಾರ್, ಅಲ್ಲಿ ಹೆಂಗೆ?"

ನನಗೂ ಬರುತ್ತಿರಲಿಲ್ಲ ಕಣಪ್ಪ. ಧಕ್ಕೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಹಿಂದಿ, ಒಡಿಯಾ ಎಲ್ಲ ಕೇಳಿಸುತ್ತೆ. ಕನ್ನಡದಲ್ಲಿ ಮಾತಾಡಿಸಿದರೆ ಕನ್ನಡದಲ್ಲೇ ಉತ್ತರ ಕೊಡುತ್ತಾರೆ, ನಮಗಿಂತ ಶುದ್ಧವಾಗಿ. ಆರು ತಿಂಗಳಲ್ಲಿ ನೀನೂ ಕಲೀತೀಯ. ನಿನ್ನ ಟ್ರೇಡ್ ಯಾವುದು? ವೆಲ್ಡರ್ರಾ? ಹಾಗಾದರೆ ಸರ್ಟಿಫಿಕೇಟಿನ ಅಸಲು, ನಾಲ್ಕು ಜೆರಾಕ್ಸು, ಒಂದು ಗಟ್ಟಿ ಕೊಡೆ ತಗೊಂಡು ಹೋಗು. ಜೂನ್, ಜುಲೈನಲ್ಲಿ ಹೋಗಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ. ಆಗ ಧಕ್ಕೆ ಮಲಗಿರುತ್ತೆ, ಮಳೆಯೂ ಜೋರು, ಹೊಸಬರಿಗೆ ಮನೆ ನೆನಪು ಜಾಸ್ತಿ ಆಗುತ್ತೆ. ಆಗಸ್ಟ್‌ನಲ್ಲಿ ಹೋಗು. ಬೋಟೆಲ್ಲ ಒಟ್ಟಿಗೆ ಇಳಿಯುವ ಹೊತ್ತು, ಎಲ್ಲರಿಗೂ ಕೈ ಬೇಕಾಗಿರುತ್ತೆ.